ಅಸಂಭವದ ಸೊಗಸು: ‘ಫಾಸ್ಟರ್ ಫೇಣೆ’ ಮಾಲಿಕೆಯನ್ನು ಕುರಿತು

ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹಸ್ತಪ್ರತಿಗಳಿಗಾಗಿ ಪುಣೆಗೆ ಹೋದಾಗಲೆಲ್ಲ ಸಂಜೆಯ ಹೊತ್ತು ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳನ್ನು ಸುತ್ತುವುದು ನನ್ನ ರೂಢಿ. ಅಲ್ಲಿಂದ ತಂದ ಸಂತಸಾಹಿತ್ಯದ ಸಂಪುಟಗಳ ನಡುವೆ ಭಾ. ರಾ. ಭಾಗವತರ (1910–2001) ‘ಫಾಸ್ಟರ್ ಫೇಣೆ’ ಪುಸ್ತಕಗಳೂ ಇರುತ್ತಿದ್ದವೆಂಬುದನ್ನು ಸಹೋದ್ಯೋಗಿಗಳಿಗೆ ಬಹುಕಾಲ ಹೇಳಿರಲಿಲ್ಲ. ಈ ಸಂಕೋಚವೇ ಪ್ರಸ್ತುತ ಬರಹಕ್ಕೆ ಕಾರಣ.

ಮಾಲಿಕೆಯಲ್ಲಿ ಸುಮಾರು 20 ಪುಸ್ತಕಗಳಿವೆ. ನಾಯಕ ಬನೇಶ ಫೇಣೆ ಪುಣೆಯ ಸಮೀಪದ ಫುರಸುಂಗಿಯವನು; ವಿದ್ಯಾಭವನವೆಂಬ ಶಾಲೆಯ ವಿದ್ಯಾರ್ಥಿ; ಕಡ್ಡಿಯಂಥ ಮೈ, ಸೈಕಲ್ ಸವಾರಿ, ಬೆರಗಾದಾಗ ನಾಲಗೆಯಿಂದ ಹೊರಡಿಸುವ ‘ಟ್ಟಾಕ್’ ಎಂಬ ಸದ್ದು. ಇಂಥ ಹುಡುಗ ಹೋದಲ್ಲೆಲ್ಲ ಕಳ್ಳರೂ ವಂಚಕರೂ ಅವನಿಗಾಗಿಯೇ ಕಾದಿದ್ದವರಂತೆ ಎದುರಾಗುತ್ತಾರೆ. ಪ್ರತಾಪಗಡಕ್ಕೆ ಹೋದರೂ ಅಷ್ಟೆ, ಕಾಶ್ಮೀರಕ್ಕೆ ಹೋದರೂ ಅಷ್ಟೆ. ಸಂಭಾವ್ಯತೆಯ ಒರೆಗಲ್ಲಿಗೆ ಉಜ್ಜಿದರೆ ಒಂದು ಕಥೆಯೂ ಉಳಿಯಲಾರದು. ಹಾಗಿದ್ದೂ ಓದಿನ ಸುಖಕ್ಕೆ ಕುಂದಿಲ್ಲ. ಇದು ವಿಮರ್ಶಕನ ಎಚ್ಚರ ತಪ್ಪಿದ ಗಳಿಗೆಯೆ, ಅಥವಾ ನಮ್ಮ ಒರೆಗಲ್ಲೇ ಇಲ್ಲಿಗೆ ಸಲ್ಲದುದೆ?

ನನ್ನ ವ್ಯಾಸಂಗದ ಕ್ಷೇತ್ರದಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಕಳ್ಳ ವಿದ್ಯುಚ್ಚೋರನೂ ತಳಾರ ಯಮದಂಡನೂ ಬಾಲ್ಯದ ಒಡನಾಡಿಗಳು. ಒಬ್ಬನು ಕಳವಿನ ವಿದ್ಯೆಯನ್ನು, ಇನ್ನೊಬ್ಬನು ಕಾವಲಿನ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಕಲಿತವರು. ಹಗಲು ಕುಷ್ಠರೋಗಿಯಾಗಿ ಕಾಣುವ ಕಳ್ಳನು ಇರುಳು ದಿವ್ಯರೂಪ ತಾಳಿ ಅರಸನ ಹಾರವನ್ನು ಕದಿಯುತ್ತಾನೆ. ಇದು ಸಾಧ್ಯವೆ ಎಂದು ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ಕಳ್ಳನೂ ತಳಾರನೂ ಗೆಳೆಯರಾದರೆ ಏನಾದೀತೆಂಬ ಕುತೂಹಲವೇ ಅಲ್ಲಿ ಮುಂದಾಗುತ್ತದೆ. ಆ ಸಂಬಂಧ ನಿಜವೆನಿಸಿದ ಮೇಲೆ ಮಿಕ್ಕುದನ್ನು ನಾವು ಕಥೆಗಾರನಿಗೆ ಬಿಟ್ಟುಕೊಡುತ್ತೇವೆ. ಜೈನಪುರಾಣಕ್ಕೆ ಧಾರಾಳವಾಗಿ ಕೊಡುವ ಈ ಸವಲತ್ತನ್ನು ಎನ್. ನರಸಿಂಹಯ್ಯನವರ ಪುರುಷೋತ್ತಮನಿಗೆ ನಮ್ಮ ನವ್ಯ ವಿಮರ್ಶೆ ಏಕೆ ಕೊಡಲಿಲ್ಲವೆಂಬುದು ವಿಚಾರಣೀಯ.

ಭಾಗವತರಲ್ಲಿಯೂ ಅಸಂಭವವು ಘಟನೆಗಳಿಗಷ್ಟೇ ಸೀಮಿತ. ಸ್ವಭಾವವನ್ನು ಅದು ಮುಟ್ಟುವುದಿಲ್ಲ. ಬನೇಶನ ತುಂಟತನ, ಗೆಳೆಯ ಸುಭಾಷ ದೇಸಾಯಿಯೊಡನೆ ಅವನ ಒಡನಾಟ, ಸೈಕಲ್ಲಿನ ಊರಾದ ಅಂದಿನ ಪುಣೆ, ಎಲ್ಲವೂ ಪರಿಚಿತ. ಹಾಸ್ಯವೂ ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಲೇಖಕರು ಮೊದಲೇ ನಗುವುದರಿಂದ, ನಂಬಲಾರೆನೆಂದು ಹುಬ್ಬೇರಿಸುವ ಅವಕಾಶ ಓದುಗನಿಗೆ ಸಿಗುವುದೇ ಇಲ್ಲ. ಜೂಲ್ ವರ್ನನನ್ನು ಮರಾಠಿಗೆ ತಂದ ಭಾಗವತರಿಗೆ ಅದ್ಭುತವನ್ನು ಗಂಭೀರವಾಗಿ ಹೇಳುವ ಬಗೆಯೂ ತಿಳಿದಿತ್ತು. ಫೇಣೆಗೆ ಅವರು ಅದನ್ನು ಬಳಸಲಿಲ್ಲ.

ಎಲ್ಲ ಕಥೆಗಳಿಗೂ ಈ ಮಾತು ಸಲ್ಲದು. ಯುದ್ಧದ ಹಿನ್ನೆಲೆಯ ಕಥೆಗಳಲ್ಲಿ ನನಗೆ ಮನಸ್ಸು ನಿಲ್ಲುವುದಿಲ್ಲ. ನಿಜವಾಗಿಯೂ ಜನ ಸತ್ತ ನೆಲದಲ್ಲಿ ಶಾಲೆಯ ಹುಡುಗನೊಬ್ಬ ಅದೃಷ್ಟಬಲದಿಂದ ಗೆಲ್ಲುವುದು ನಗುವಿಗೆ ಒಗ್ಗದು. ಕಾಕತಾಳೀಯವು ಅಲ್ಲಿ ಸುಲಭದ ದಾರಿಯಾಗಿಬಿಡುತ್ತದೆ.

ಇದಕ್ಕೆ ವಿರುದ್ಧವಾದ ತೊಡಕು 2017ರಲ್ಲಿ ಆದಿತ್ಯ ಸರಪೋತದಾರರು ನಿರ್ದೇಶಿಸಿದ ಚಲನಚಿತ್ರದಲ್ಲಿದೆ. ಅಲ್ಲಿ ಬನೇಶ ಬೆಳೆದ ಯುವಕ. ವೈದ್ಯಕೀಯ ಪ್ರವೇಶ ಪರೀಕ್ಷೆಗೆಂದು ಪುಣೆಗೆ ಬರುತ್ತಾನೆ. ಅಪರಾಧವೂ ಪತ್ರಿಕೆಗಳಲ್ಲಿ ನಾವು ಓದುವಂಥ ಪರೀಕ್ಷಾ ವಂಚನೆ. ಅಮೇಯ ವಾಘರ ಅಭಿನಯ ಚುರುಕಾದುದೇ. ಆದರೆ ಚಿತ್ರವೇ ವಾಸ್ತವದ ಭರವಸೆ ಕೊಟ್ಟ ಮೇಲೆ, ಪೊಲೀಸರು ಎಲ್ಲಿದ್ದರು, ಇವನಿಗೆ ಇದು ಹೇಗೆ ತಿಳಿಯಿತು ಎಂಬ ಪ್ರಶ್ನೆಗಳು ಏಳತೊಡಗುತ್ತವೆ. ಪುಸ್ತಕಗಳಿಗೆ ನಾನು ಎಂದೂ ಕೇಳದ ಪ್ರಶ್ನೆಗಳಿವು. ಚಿತ್ರದಲ್ಲಿ ದಿಲೀಪ ಪ್ರಭಾವಳಕರರು ಸ್ವತಃ ಭಾ. ರಾ. ಭಾಗವತರ ಪಾತ್ರದಲ್ಲಿ ಬರುತ್ತಾರೆ. ತಾನು ಸೃಷ್ಟಿಸಿದ ಹುಡುಗನೊಡನೆ ಲೇಖಕನೇ ಎದುರುಬದುರಾಗಿ ಮಾತನಾಡುವುದು ಆ ಚಿತ್ರದಲ್ಲಿ ಎಲ್ಲಕ್ಕಿಂತ ಅಸಂಭವವಾದ ಸಂಗತಿ. ನಾನು ಮರುಮಾತಿಲ್ಲದೆ ನಂಬಿದ್ದು ಅದೊಂದನ್ನೇ.