ಆಯಿ ಮದುವಿ: ಒಂದು ಮರಾಠಿ ಧಾರಾವಾಹಿಯನ್ನು ಅಕ್ಕಲಕೋಟೆ ಕಡೆಯ ಕನ್ನಡಿಗರು ನೋಡಿದ ಬಗೆ

1

ನಾನು ಭಾಷಾವಿಜ್ಞಾನಿಯಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ಮಾಸ್ತರ. ಶಬ್ದರೂಪಾವಳಿ, ಅಮರಕೋಶ, ರಘುವಂಶದ ಕೆಲವು ಸರ್ಗಗಳು, ಇಷ್ಟೇ ನನ್ನ ಬಂಡವಾಳ. ಧ್ವನಿಮಾ, ಆಕೃತಿಮಾಗಳ ವಿಚಾರವನ್ನು ಈ ಸಂಪುಟದ ಇತರ ವಿದ್ವಾಂಸರು ನನಗಿಂತ ಚೆನ್ನಾಗಿ ಬಲ್ಲರು. ನಾನು ಹೇಳಹೊರಟಿರುವುದು ಒಂದು ಟಿ.ವಿ. ಧಾರಾವಾಹಿಯ ವಿಷಯ. ಅದೂ ಕನ್ನಡದ್ದಲ್ಲ, ಮರಾಠಿಯದು. ಉಪಭಾಷೆಯ ಗೋಷ್ಠಿಗೆ ಇದನ್ನೇನು ತಂದ್ರಿ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ.

ಅಕ್ಕಲಕೋಟೆ ತಾಲೂಕಿನ ನಮ್ಮಂಥ ಊರುಗಳಲ್ಲಿ ಮನೆಯ ಮಾತು ಕನ್ನಡ, ಸಂಜೆಯ ಟಿ.ವಿ. ಮರಾಠಿ. ನೋಡುವುದು ಒಂದು ಭಾಷೆಯಲ್ಲಿ, ನೋಡಿದ್ದನ್ನು ಆಡಿಕೊಳ್ಳುವುದು ಇನ್ನೊಂದರಲ್ಲಿ. ಹೀಗೆ ಆಡಿಕೊಳ್ಳುವಾಗ ನಮ್ಮ ಓಣಿಯವರ ಬಾಯಲ್ಲಿ ಬಂದ ಕೆಲವು ಶಬ್ದಗಳನ್ನು ನಾನು ಬರೆದಿಟ್ಟುಕೊಂಡೆ. ಅವುಗಳಲ್ಲಿ ಒಂದು ಶಬ್ದ ನನ್ನ ಅಭಿಪ್ರಾಯವನ್ನೇ ತಿರುವಿಹಾಕಿತು. ಅದನ್ನು ಸಭೆಯ ಮುಂದಿಡುವುದು ಈ ಬರಹದ ಉದ್ದೇಶ. ಆವೇದಕರೆಲ್ಲ ನೆರೆಹೊರೆಯವರೇ ಆದ್ದರಿಂದ ಯಾರ ಹೆಸರನ್ನೂ ಹೇಳುವುದಿಲ್ಲ.

2

ಜೀ ಮರಾಠಿ ವಾಹಿನಿಯಲ್ಲಿ 2019ರ ಜುಲೈಯಿಂದ 2021ರ ಮಾರ್ಚ್‌ವರೆಗೆ ‘ಅಗ್ಗಂಬಾಯಿ ಸಾಸೂಬಾಯಿ’ ಎಂಬ, ನಗೆ ಬೆರೆತ ಸಂಸಾರದ ಧಾರಾವಾಹಿ ಬಂತು. ಆಸಾವರಿ ಎಂಬ ವಿಧವೆ. ಮಗ ಬೆಳೆದು ನಿಂತಿದ್ದಾನೆ. ಮಗನ ಮುದ್ದು, ಮಾವನವರ ಸೇವೆ, ಅಡಿಗೆಮನೆ, ಇದರಲ್ಲೇ ಆಕೆಯ ಆಯುಷ್ಯ ಕಳೆದಿದೆ. ಸೊಸೆಯಾಗಿ ಬಂದ ಶುಭ್ರಾ ಇದನ್ನು ನೋಡಲಾರದೆ, ಅಭಿಜಿತ ರಾಜೆ ಎಂಬ ಹೆಸರಾಂತ ಬಾಣಸಿಗನೊಡನೆ ಅತ್ತೆಯ ಮದುವೆ ಮಾಡಿಸುತ್ತಾಳೆ. ಮಗ ಸೋಹಮನಿಗೂ ಮಾವನವರಿಗೂ ಇದು ಸೇರದು. ನಗೆಯೆಲ್ಲ ಹುಟ್ಟುವುದು ಈ ಎಳೆದಾಟದಲ್ಲಿ. ಆಸಾವರಿಯಾಗಿ ನಿವೇದಿತಾ ಸರಾಫ, ಅಭಿಜಿತನಾಗಿ ಗಿರೀಶ ಓಕ, ಸೊಸೆಯಾಗಿ ತೇಜಶ್ರೀ ಪ್ರಧಾನ ಅಭಿನಯಿಸಿದರು. ಗದರುವ ಮಾವನ ಪಾತ್ರ ರವಿ ಪಟವರ್ಧನರದು. 2020ರ ಡಿಸೆಂಬರಿನಲ್ಲಿ, ಧಾರಾವಾಹಿ ನಡೆದಿರುವಾಗಲೇ ಅವರು ತೀರಿಕೊಂಡರು. ಮದುವೆಯ ಕಂತುಗಳು ಬಂದದ್ದು 2020ರ ಜನವರಿಯಲ್ಲಿ. ಕೊರೋನಾದ ಬಾಗಿಲು ಮುಚ್ಚುವ ಮೊದಲು, ಓಣಿಯ ಹತ್ತು ಮಂದಿ ಒಂದೇ ಪಡಸಾಲೆಯಲ್ಲಿ ಕೂತು ಟಿ.ವಿ. ನೋಡಿದ ದಿನಗಳವು.

ನಮ್ಮ ಓಣಿಯಲ್ಲಿ ಈ ಧಾರಾವಾಹಿಗೆ ಅದರ ಹೆಸರು ನಿಲ್ಲಲಿಲ್ಲ. ‘ಅಗ್ಗಂಬಾಯಿ’ ಎಂಬುದು ಮರಾಠಿ ಹೆಂಗಸರ ಉದ್ಗಾರ. ನಮ್ಮವರು ‘ಅಯ್ಯ ಯವ್ವಾ’ ಎನ್ನುವಲ್ಲಿ ಅವರು ಹಾಗೆನ್ನುತ್ತಾರೆ. ನಮ್ಮಲ್ಲಿ ಅದು ‘ಆಯಿ ಮದುವಿ’ ಆಯಿತು. “ಆಯಿ ಮದುವಿ ಹತ್ತೇತಿ, ಬರ್ರಿ” ಎಂದು ಮಕ್ಕಳು ಕೂಗಿ ಕರೆಯುತ್ತಿದ್ದರು.

ಇದರ ಕಾರಣ ಉಪಭಾಷೆಯಲ್ಲಿದೆ. ವಿಜಯಪುರ, ಕಲಬುರಗಿಗಳಲ್ಲಿರುವಂತೆ ನಮ್ಮಲ್ಲಿಯೂ ಆಯಿ ಎಂದರೆ ಅಜ್ಜಿ, ಮುತ್ಯಾ ಎಂದರೆ ಅಜ್ಜ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಸೋಹಮ ತನ್ನ ಹಡೆದವ್ವನನ್ನು ‘ಆಯಿ’ ಎಂದು ಕರೆದಾಗಲೆಲ್ಲ ನಮ್ಮ ಮಕ್ಕಳ ಕಿವಿಗೆ ಬೀಳುತ್ತಿದ್ದದ್ದು ಅಜ್ಜಿ. ಎರಡನೆಯ ಇಯತ್ತೆಯ ಹುಡುಗನೊಬ್ಬ ತನ್ನ ಅಜ್ಜಿಯ ಸೆರಗು ಜಗ್ಗಿ, “ಆಯಿ, ನಿಂದೂ ಮದುವಿ ಮಾಡತಾರೇನ?” ಎಂದು ಕೇಳಿದ. ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ದೊಡ್ಡವರಿಗೆ ಎರಡೂ ಭಾಷೆ ಗೊತ್ತು, ಯಾರಿಗೂ ಅರ್ಥದ ಗೊಂದಲವಿರಲಿಲ್ಲ. ಆದರೂ ಎರಡಕ್ಷರದ ಈ ಶಬ್ದ ಆಸಾವರಿಯನ್ನು ಒಂದು ತಲೆಮಾರು ಮುದುಕಿಯನ್ನಾಗಿ ಮಾಡಿತು. ಭರತಮುನಿ ನಗೆಯಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆ ಹೇಳಿದ್ದಾನೆ. ಧಾರಾವಾಹಿ ಕೇಳಿದ್ದು ಸ್ಮಿತ. ನಮ್ಮ ಓಣಿ ಕೊಟ್ಟದ್ದು ಅಪಹಸಿತ.

3

ಆ ನಗೆಯಲ್ಲಿ ನನ್ನ ಪಾಲೂ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ನಾನು ನಕ್ಕದ್ದಷ್ಟೇ ಅಲ್ಲ, ಶಾಸ್ತ್ರದ ಆಧಾರವನ್ನೂ ಕೊಟ್ಟೆ. ಪಾತ್ರ ತಪ್ಪಿದ ರತಿ ಶೃಂಗಾರವಾಗದು, ಶೃಂಗಾರಾಭಾಸವಾಗುತ್ತದೆ. ಆಭಾಸ ನಗೆಗೆ ದಾರಿ ಮಾಡುತ್ತದೆ. ಸೊಸೆ ಬಂದ ಮನೆಯಲ್ಲಿ ಅತ್ತೆಯ ಮದುವೆ ಎಂದರೆ ಔಚಿತ್ಯ ಎಲ್ಲಿ ಉಳಿಯಿತು? ಹೀಗೆ ಪಡಸಾಲೆಯಲ್ಲಿ ಕೂತು ಒಂದು ವ್ಯಾಖ್ಯಾನವನ್ನೇ ಮಾಡಿದೆ. ನಮ್ಮ ಓಣಿಯ ನಿವೃತ್ತ ಕಾರಕೂನರೊಬ್ಬರು, “ಖರೇ ಹೇಳಿದ್ರಿ ಗುರುಗಳ, ಇಂಥಾವು ನೋಡೇ ಮನಿ ಕೆಡತಾವ” ಎಂದರು.

ಹಳೆಯ ರಂಗಭೂಮಿಯನ್ನೂ ಸಾಕ್ಷಿಗೆ ಕರೆದೆ. ಗೋವಿಂದ ಬಲ್ಲಾಳ ದೇವಲರ ‘ಶಾರದಾ’ 1899ರ ಮರಾಠಿ ಸಂಗೀತ ನಾಟಕ. ಅದಕ್ಕೂ ಮೊದಲು, 1887ರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆ ವಿವಾಹ ಪ್ರಹಸನ’ ಬಂದಿತ್ತು. ಹವ್ಯಕರ ಆಡುಮಾತನ್ನು ನಾಟಕಕ್ಕೆ ತಂದ ಆ ಕೃತಿಯನ್ನು ಈ ಸಭೆಗೆ ಪರಿಚಯಿಸಬೇಕಾಗಿಲ್ಲ. ಎರಡರಲ್ಲೂ ಮುಪ್ಪಿನ ಮದುವೆಯೇ ಪರಿಹಾಸಕ್ಕೆ ಗುರಿ. ನೋಡಿ, ಹಿಂದಿನವರೂ ನಕ್ಕಿದ್ದಾರೆ ಎಂದೆ.

ನನ್ನ ವಾದದ ದೋಷ ನನಗೆ ಆಗ ಹೊಳೆಯಲಿಲ್ಲ. ಆ ನಾಟಕಗಳಲ್ಲಿ ಮುದುಕ ಬಯಸುವುದು ಎಳೆಯ ಹುಡುಗಿಯನ್ನು, ಅದೂ ದುಡ್ಡು ಸುರಿದು. ಅಲ್ಲಿಯ ನಗೆ ವಯಸ್ಸಿನ ಮೇಲಲ್ಲ, ಅನ್ಯಾಯದ ಮೇಲೆ. ಕನ್ಯಾವಿಕ್ರಯವನ್ನು ಹಳಿಯಲು ಪ್ರಹಸನಕಾರರು ನಗೆಯನ್ನು ಆಯುಧವಾಗಿ ಹಿಡಿದರು. ಈ ಧಾರಾವಾಹಿಯಲ್ಲಿ ಗಂಡುಹೆಣ್ಣು ಇಬ್ಬರೂ ಸಮವಯಸ್ಕರು, ಇಬ್ಬರೂ ಒಪ್ಪಿದವರು, ಹಣದ ಮಾತಿಲ್ಲ. ದೇವಲರನ್ನೂ ಸೂರಿಯವರನ್ನೂ ಇದರ ವಿರುದ್ಧ ಸಾಕ್ಷಿಗೆ ನಿಲ್ಲಿಸಿದ್ದು ನನ್ನ ತಪ್ಪು.

4

ಆ ತಪ್ಪನ್ನು ತೋರಿಸಿದವರು ಓದುಬರಹ ಬಾರದ ಒಬ್ಬ ಹೆಣ್ಣುಮಗಳು. ನಮ್ಮ ಹಿಂದಿನ ಓಣಿಯವರು, ಎಪ್ಪತ್ತರ ಹತ್ತಿರದ ವಯಸ್ಸು, ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ. ಮಗನೂ ಮಾವನೂ ಮದುವೆಗೆ ಅಡ್ಡ ಬರುವ ಕಂತುಗಳನ್ನು ನೋಡಿ ನೋಡಿ ಅವರಿಗೆ ಬೇಸರ ಬಂತು. “ಉಡಿಕಿ ಮಾಡಿ ಕೊಡಾಕ ಇಷ್ಟ ಗದ್ದಲ ಯಾಕ ಬೇಕ್ರಿ? ನಮ್ಮವ್ವ ಉಡಿಕಿ ಆಗಿದ್ಳು. ನಾವ ಐದ ಮಂದಿ ಆ ಮನ್ಯಾಗ ಹುಟ್ಟೀವಿ” ಎಂದರು.

ಉಡಿಕಿ ಎಂದರೆ ಉಡಿಕೆ. ಮನೆ ಮನಿಯಾಗುವಂತೆ ಉಡಿಕೆ ಉಡಿಕಿಯಾಗುತ್ತದೆ. ಉಡು ಎಂಬ ಧಾತುವಿನಿಂದ ಬಂದ ನಾಮಪದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನ ಮನೆ ತುಂಬಿಸುವ ಪದ್ಧತಿ. ದಕ್ಷಿಣದಲ್ಲಿ ಇದಕ್ಕೆ ಕೂಡಿಕೆ, ಕೂಡಾವಳಿ ಎನ್ನುತ್ತಾರೆ. ಮರಾಠಿಯಲ್ಲಿ ಪಾಟ, ತೆಲುಗಿನಲ್ಲಿ ಮಾರುಮನುವು. ದುಡಿದು ಉಣ್ಣುವ ಅನೇಕ ಸಮುದಾಯಗಳಲ್ಲಿ ಇದು ತಲೆತಲಾಂತರದಿಂದ ನಡೆದುಬಂದದ್ದು. 1856ರ ವಿಧವಾ ಪುನರ್ವಿವಾಹ ಕಾಯಿದೆಗಾಗಿ ಅವರು ಕಾದು ಕೂತಿರಲಿಲ್ಲ.

ಉಡಿಕೆಗೆ ಪೂರ್ತಿ ಮರ್ಯಾದೆ ಇತ್ತೆಂದು ತಿಳಿಯುವ ಹಾಗಿಲ್ಲ. ಆ ತಾಯಿಯೇ ಮುಂದುವರಿಸಿ ಹೇಳಿದರು: “ರಾತ್ರಿ ಹೊತ್ತಿನ್ಯಾಗ ಮಾಡಿ ಮುಗಸತಿದ್ರು. ನಮ್ಮವ್ವಗ ಬಾಳೇ ಮಾಡಾಕ ಬಂತು, ಆರತಿ ಮಾಡಾಕ ಬರಲಿಲ್ಲ. ಮದುವಿ ಮನ್ಯಾಗ ಅರಿಶಿಣ ಹಚ್ಚಾಕ ಯಾರೂ ಕರೀತಿದ್ದಿಲ್ಲ.” ಮುಂದೆ ಮದುವೆಯ ಕಂತು ಬಂದಾಗ ಅವರು ಟಿ.ವಿ.ಯತ್ತ ಬೆರಳು ಮಾಡಿ, “ನಾಕ ಮಂದಿ ಮುಂದ ಅಕ್ಕಿಕಾಳ ಬಿದ್ದುವಲ್ರಿ, ಅದೊಂದ ಹೊಸಾದ ನೋಡ್ರಿ” ಎಂದರು.

ಈ ಧಾರಾವಾಹಿಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಧಾರಾವಾಹಿ ವಿಧವೆಯ ಮದುವೆಯನ್ನೇ ಯಾರೂ ಕಾಣದ ಹೊಸತೆಂಬಂತೆ ತೋರಿಸಿತು. ಮದುವೆ ಹೊಸತಲ್ಲ, ಅದರ ಬಹಿರಂಗ ಮರ್ಯಾದೆ ಹೊಸತು ಎಂಬ ಭೇದ ಬರೆದವರಿಗೆ ತಿಳಿಯಲಿಲ್ಲ; ಕಾಯಿಪಲ್ಲೆ ಮಾರುವ ತಾಯಿಗೆ ತಿಳಿಯಿತು.

ನಾನೇನು ಮಾಡುತ್ತಿದ್ದೆ? ಅಮರಕೋಶದ ಮನುಷ್ಯವರ್ಗದಲ್ಲಿ ಎರಡನೆಯ ಸಲ ಮದುವೆಯಾದವಳಿಗೆ ಪುನರ್ಭೂ, ದಿಧಿಷೂ ಎಂಬ ಶಬ್ದಗಳಿವೆ. ವರ್ಷವರ್ಷವೂ ಹುಡುಗರಿಂದ ಬಾಯಿಪಾಠ ಮಾಡಿಸಿದ್ದೇನೆ. ಈಶ್ವರಚಂದ್ರ ವಿದ್ಯಾಸಾಗರರು ಪರಾಶರಸ್ಮೃತಿಯ ಆಧಾರದಿಂದ ವಾದಿಸಿದ್ದನ್ನು, ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆಯನ್ನು ಮದುವೆಯಾದದ್ದನ್ನು ಓದಿ ಬಲ್ಲೆ. ಪುನರ್ಭೂ ಎಂಬುದಕ್ಕೆ ಹಿಂದಿನ ಓಣಿಯಲ್ಲಿ ಜೀವಂತವಾದ ಕನ್ನಡ ಶಬ್ದವೊಂದಿದೆ ಎಂದು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲ. ನಮ್ಮ ಮನೆಯ ಕನ್ನಡದಲ್ಲಿ ಆ ಶಬ್ದವೇ ಇರಲಿಲ್ಲ. ಒಂದೇ ಊರು, ಒಂದೇ ಭಾವಿಯ ನೀರು, ಎರಡು ಕನ್ನಡ. ಜಾತಿ ಉಪಭಾಷೆ ಎಂದು ವಿದ್ವಾಂಸರು ಕರೆಯುವುದು ಇದನ್ನೇ ಇರಬೇಕು.

5

ನಮ್ಮ ಮನೆಯಲ್ಲಿ ಆ ಶಬ್ದ ಇಲ್ಲದ್ದರಿಂದ ಏನಾಯಿತು ಎಂಬುದನ್ನು ಹೇಳದೆ ಹೋದರೆ ಈ ಬರಹ ಅರ್ಧವಾದೀತು.

ನನ್ನ ಅಕ್ಕ 1960ರಲ್ಲಿ, ಹತ್ತೊಂಬತ್ತನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಳು. ನಾನಾಗ ಹತ್ತು ವರ್ಷದವನು. ಅಂದಿನಿಂದ ಆಕೆ ನಮ್ಮ ಮನೆಯಲ್ಲಿಯೇ ಇದ್ದಾಳೆ. ಅಪ್ಪ, ಅವ್ವ ಇಬ್ಬರ ಕೊನೆಗಾಲದ ಸೇವೆ ಆಕೆಯದು. ನನ್ನ ಮಕ್ಕಳು ಬೆಳೆದದ್ದು ಆಕೆಯ ಮಡಿಲಲ್ಲಿ. ಆಕೆಗೆ ಇನ್ನೊಂದು ಮದುವೆ ಮಾಡುವ ಮಾತನ್ನು ಯಾರೂ ತೆಗೆಯಲಿಲ್ಲ. ಕೆಟ್ಟ ಮನಸ್ಸಿನಿಂದ ತೆಗೆಯಲಿಲ್ಲವೆಂದಲ್ಲ, ತೆಗೆಯಲು ನಮ್ಮಲ್ಲಿ ಮಾತೇ ಇರಲಿಲ್ಲ.

‘ಆಯಿ ಮದುವಿ’ಯನ್ನು ಅಕ್ಕ ದಿನಾಲೂ ನೋಡುತ್ತಿದ್ದಳು. ಉಳಿದವರು ನಗುವಾಗ ನಗುತ್ತಿರಲಿಲ್ಲ, ಬಯ್ಯುವಾಗ ಬಯ್ಯುತ್ತಿರಲಿಲ್ಲ. ಮದುವೆಯ ಕಂತು ಮುಗಿದ ರಾತ್ರಿ ಊಟಕ್ಕೆ ಕೂತಾಗ ನಾನು ಮತ್ತೆ ರಸಾಭಾಸದ ಮಾತು ತೆಗೆದೆ. ಭಕ್ಕರಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: “ಮದುವಿ ಮಾತ ಬಿಡೋ. ನಿನಗೇನ ಸೇರ್ತದ ಅಂತ ಆಕೀಗೆ ಕೇಳ್ಯಾನಲ್ಲ ಅವ, ಅದನ್ನ ನೋಡು.”

ಅಭಿಜಿತ ಬಾಣಸಿಗನೆಂಬುದು ನನಗೆ ಕಥೆಯ ಅಲಂಕಾರವಾಗಿ ಕಂಡಿತ್ತು. ಜೀವಮಾನವೆಲ್ಲ ಬೇರೆಯವರ ರುಚಿಗೆ ಅಡಿಗೆ ಮಾಡಿದವಳಿಗೆ ಮಾಡಿ ಬಡಿಸುವವನೊಬ್ಬ ಸಿಕ್ಕ ಎಂಬುದೇ ಕಥೆಯ ತಿರುಳೆಂದು ಅಕ್ಕ ಕಂಡುಕೊಂಡಿದ್ದಳು. ನಾನು ಕೇಳಿದೆ: “ಅಕ್ಕಾ, ನಿನಗೇನ ಸೇರ್ತದ?” ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಈಗ ಕೇಳಿದರ ನೆನಪಾಗವಲ್ದು ನೋಡೋ” ಎಂದಳು. ಆಮೇಲೆ ನಾನು ರಸಾಭಾಸದ ವಾದ ಮುಂದುವರಿಸಲಿಲ್ಲ.

6

ಧಾರಾವಾಹಿಯನ್ನು ಹೊಗಳುವುದು ನನ್ನ ಇಚ್ಛೆಯಲ್ಲ. ಮದುವೆಯ ಮೇಲೆಯೂ ಅದು ಒಂದು ವರ್ಷಕ್ಕಿಂತ ಹೆಚ್ಚು ಎಳೆಯಿತು. ಮಗನನ್ನು ತೀರ ಗೊಂಬೆಯಂಥ ಮೂರ್ಖನನ್ನಾಗಿ ಮಾಡಿತು. ಆಸಾವರಿಯ ಸೌಮ್ಯತೆ ಎಷ್ಟೋ ಕಡೆ ದಡ್ಡತನವಾಗಿ ಕಾಣುತ್ತದೆ. ಎರಡನೆಯ ಗಂಡ ಹೆಸರಾಂತನೂ ಸಿರಿವಂತನೂ ಆದದ್ದರಿಂದ ಬಡವರ ಮನೆಯಲ್ಲಿ ಏಳುವ ಹೊಲಮನೆ, ಪಾಲುಪಟ್ಟಿಗಳ ಪ್ರಶ್ನೆ ಕಥೆಗೆ ಭಾರವಾಗಲಿಲ್ಲ. ಓಣಿಯ ಸೊಸೆಯೊಬ್ಬಳು, “ಛಲೋ ಐತ್ರಿ ಗುರುಗಳ, ಆದ್ರ ನಮ್ಮತ್ತಿಗೆ ತೋರಸಬ್ಯಾಡ್ರಿ” ಎಂದು ನಕ್ಕಳು. ಟಿ.ವಿ.ಯಲ್ಲಿ ಒಪ್ಪಿದ್ದು ಮನೆಯಲ್ಲಿ ಒಪ್ಪಿದಂತಲ್ಲ.

ನನ್ನ ಆತಂಕ ಶಬ್ದದ ಕುರಿತು. ನಮ್ಮ ಓಣಿಯ ಕಾಲೇಜು ಹುಡುಗ ಹುಡುಗಿಯರು ಈ ಕಥೆಯನ್ನು ಮಾತಾಡುವಾಗ ‘ದುಸರಂ ಲಗ್ನ’, ‘ಪುನರ್ವಿವಾಹ’ ಎಂದರು. ಒಂದು ಮರಾಠಿ, ಇನ್ನೊಂದು ಸಂಸ್ಕೃತ. ಉಡಿಕಿ ಎಂದರೇನೆಂದು ಕೇಳಿದೆ. ಒಬ್ಬಳು ಉಡಿ ತುಂಬುವ ಕಾರ್ಯವಿರಬೇಕೆಂದಳು. ಅವಳ ಸ್ವಂತ ಮನೆತನದಲ್ಲಿ ಮೂರು ತಲೆಮಾರಿನ ಹಿಂದೆ ನಡೆದ ಸಂಗತಿಯ ಹೆಸರು ಅವಳಿಗೆ ತಿಳಿಯದು. ಹೆಸರು ಹೋದಮೇಲೆ, ಇದು ನಮ್ಮಲ್ಲಿ ಎಂದೂ ಇರಲಿಲ್ಲ, ಟಿ.ವಿ.ಯಿಂದ ಬಂದ ಕೇಡು ಎಂದು ಹೇಳುವವರಿಗೆ ಉತ್ತರ ಕೊಡುವವರೂ ಇರುವುದಿಲ್ಲ. ಅಂಥ ಮಾತನ್ನು ಓಣಿಯಲ್ಲಿ ಮೊದಲು ಆಡಿದವನು ನಾನೇ.

ಈ ಸಭೆಯ ಮುಂದೆ ಒಂದು ವಿನಂತಿ ಇದೆ. ಇದೇ ಕಥೆ ಜೀ ಕೇರಳಂನಲ್ಲಿ ‘ಮನಂ ಪೋಲೆ ಮಂಗಲ್ಯಂ’ ಎಂದು ಮಲಯಾಳದಲ್ಲಿಯೂ, ಜೀ ತಮಿಳಿನಲ್ಲಿ ‘ಪುದು ಪುದು ಅರ್ಥಂಗಳ್’ ಎಂದು ತಮಿಳಿನಲ್ಲಿಯೂ ಬಂದಿದೆ. ನಡುವಯಸ್ಸಿನ ಮದುವೆಯ ಇಂಥದೇ ವಸ್ತುವುಳ್ಳ ‘ಶ್ರೀರಸ್ತು ಶುಭಮಸ್ತು’ 2022ರಲ್ಲಿ ಜೀ ಕನ್ನಡದಲ್ಲಿ ಸುಧಾರಾಣಿಯವರ ಅಭಿನಯದಲ್ಲಿ ಆರಂಭವಾಯಿತು; ನಾನು ನೋಡಿದ ಕಂತುಗಳಲ್ಲಿ ಉಡಿಕೆ, ಕೂಡಿಕೆ ಎಂಬ ಶಬ್ದ ಕಿವಿಗೆ ಬೀಳಲಿಲ್ಲ. ಕಾಸರಗೋಡಿನ, ತಾಳವಾಡಿಯ, ಹೊಸೂರಿನ ಮಿತ್ರರು ತಮ್ಮ ಊರಿನ ಎಪ್ಪತ್ತು ದಾಟಿದ ಹೆಂಗಸರನ್ನು ಈ ಧಾರಾವಾಹಿಗಳ ನೆಪದಿಂದ ಮಾತಿಗೆ ಎಳೆಯಬೇಕು. ನೇರವಾಗಿ ಶಬ್ದ ಕೇಳಿದರೆ ಅವರು ನಾಚಿಕೊಂಡಾರು. ಕಥೆ ಕೇಳಿದರೆ ತಾವಾಗಿ ಹೇಳುತ್ತಾರೆ. ಆದವಾನಿ, ರಾಯದುರ್ಗ, ಮಡಕಶಿರದ ಕಡೆಯವರು ತೆಲುಗಿನ ಮಾರುಮನುವಿನ ಜೊತೆಗೆ ಅಲ್ಲಿಯ ಕನ್ನಡದ ಶಬ್ದ ಯಾವುದೆಂದು ಕೇಳಿ ಬರೆದುಕೊಳ್ಳಬೇಕು. ಶಬ್ದದ ಜೊತೆಗೆ ಅದು ಯಾವ ಮನೆಯ ಮಾತು, ಯಾವ ಮನೆಯಲ್ಲಿ ಇಲ್ಲ ಎಂಬುದನ್ನೂ ಬರೆಯಬೇಕು. ನಮ್ಮ ಹಿಂದಿನ ಓಣಿಯ ಆ ತಾಯಿಯಿಂದ ಕೇಳಿದ್ದನ್ನು ನಾನು ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಕೋಶ ಮಾಡುವವರಿಗೆ ಬೇಕಾದರೆ ಕೊಡುತ್ತೇನೆ.