ಸುರಿಯ ಮತ್ತು ನ್ಯಾಯ: ಕೋಟಿ ಚೆನ್ನಯರ ಪಾಡ್ದನದಲ್ಲಿ ಆತ್ಮರಕ್ಷಣೆಯ ವಿಚಾರ

ಉಡುಪಿಯಿಂದ ಕಾಪುವಿನ ಮಾರ್ಗವಾಗಿ ತೆಂಕಣಕ್ಕೆ ನಡೆದರೂ, ಮಣಿಪಾಲದ ದಿಣ್ಣೆಯನ್ನು ದಾಟಿ ಕಾರ್ಕಳದತ್ತ ಸಾಗಿದರೂ ಬೈದೆರ್ಕಳ ಗರಡಿಗಳು ದಾರಿಯುದ್ದಕ್ಕೂ ಅಲ್ಲಲ್ಲಿ ಕಾಣಸಿಗುತ್ತವೆ. ಕೋಟಿ ಚೆನ್ನಯರು ಇಲ್ಲಿಯ ಜನರಿಗೆ ಕೇವಲ ಕಥಾನಾಯಕರಲ್ಲ, ಆರಾಧ್ಯರು. ಅವರ ಪಾಡ್ದನವು ಬರ್ನೆಲರ ಸಂಗ್ರಹದ ಮೂಲಕ ೧೮೯೪ರಿಂದ ೧೮೯೭ರವರೆಗೆ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಪಂಜೆ ಮಂಗೇಶರಾಯರ ಗದ್ಯದ ಮೂಲಕ ಕನ್ನಡ ಮನೆಗಳನ್ನು ಸೇರಿತು. ಅಂದಿನಿಂದ ಇದನ್ನು ಕುರಿತು ಬರೆದವರು ಬಹುಮಟ್ಟಿಗೆ ಎರಡು ದಾರಿಗಳನ್ನು ಹಿಡಿದಿದ್ದಾರೆ. ಕೆಲವರು ಇದನ್ನು ವೀರಗಾಥೆಯೆಂದು ಕೊಂಡಾಡಿದರು. ಕೆಲವರು ಸಾಮಾಜಿಕ ಅನ್ಯಾಯದ ವಿರುದ್ಧ ಎದ್ದ ದನಿಯೆಂದು ವ್ಯಾಖ್ಯಾನಿಸಿದರು. ಎರಡೂ ಮಾತುಗಳು ದಿಟವೇ. ಆದರೆ ಎರಡರಲ್ಲಿಯೂ ಒಂದು ಪ್ರಶ್ನೆ ಮರೆಗೆ ಸರಿಯುತ್ತದೆ: ಈ ಕಾವ್ಯದಲ್ಲಿ ಸುರಿಯವನ್ನು ಹಿರಿದ ಸಂದರ್ಭಗಳೆಲ್ಲ ಒಂದೇ ತೂಕದವೇ?

ತರಗತಿಯಲ್ಲಿ ಈ ಕಥೆಯನ್ನು ಹೇಳಿ, ಬುದ್ಧಿವಂತನನ್ನು ಕೊಂದದ್ದು ಸರಿಯೇ ಎಂದು ಕೇಳಿದರೆ ವಿದ್ಯಾರ್ಥಿಗಳು ಒಕ್ಕೊರಲಿನಿಂದ ಹೌದೆನ್ನುತ್ತಾರೆ. ಸುಂಕದವನನ್ನು ಕೊಂದದ್ದು ಸರಿಯೇ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಆ ಮೌನವನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅಳತೆಗೋಲನ್ನು ಕುರಿತು ಎರಡು ಮಾತು. ಕೊಲ್ಲಲು ಬಂದ ಆತತಾಯಿಯನ್ನು, ಅವನು ಯಾರೇ ಆಗಿರಲಿ, ಹಿಂದುಮುಂದು ನೋಡದೆ ಕೊಲ್ಲಬಹುದೆಂದು ಮನುಸ್ಮೃತಿ ಹೇಳುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ಅನುಮತಿಯನ್ನು ಅಷ್ಟು ಸಡಿಲವಾಗಿ ಬಿಡುವುದಿಲ್ಲ. ಆತತಾಯಿಯು ಬ್ರಾಹ್ಮಣನಾದರೆ ಅವನನ್ನು ತಡೆಯುವುದೇ ಉದ್ದೇಶವಾಗಿರಬೇಕು; ತಡೆಯುವಾಗ ಪ್ರಮಾದದಿಂದ ಸಾವುಂಟಾದರೆ ಅಲ್ಪ ಪ್ರಾಯಶ್ಚಿತ್ತ ಸಾಕು ಎಂಬುದು ಅವನ ನಿಲುವು. ವರ್ಣವನ್ನು ನೋಡಿ ರಿಯಾಯಿತಿ ತೋರುವ ಈ ಕ್ರಮ ಇಂದು ನಮಗೆ ಒಪ್ಪಿತವಲ್ಲ. ಆದರೂ ತಡೆಯುವ ಸಂಕಲ್ಪ ಬೇರೆ, ಕೊಲ್ಲುವ ಸಂಕಲ್ಪ ಬೇರೆ ಎಂಬ ವಿವೇಕವು ಅದರೊಳಗಿದೆ.

ಆ ವಿವೇಕವು ಜಾತಿಭೇದವನ್ನು ಕಳಚಿಕೊಂಡು ೧೮೬೦ರ ಭಾರತೀಯ ದಂಡಸಂಹಿತೆಯ ೯೬ರಿಂದ ೧೦೬ರವರೆಗಿನ ಕಲಮುಗಳಲ್ಲಿ ಕಾಣಿಸುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ ೩೪ರಿಂದ ೪೪ರವರೆಗಿನ ಕಲಮುಗಳಾಗಿವೆ. ಅವುಗಳ ಸಾರ ಹೀಗಿದೆ. ಅಪಾಯದ ಸಕಾರಣವಾದ ಭಯ ಹುಟ್ಟಿದಾಗ ಹಕ್ಕು ಹುಟ್ಟುತ್ತದೆ. ಭಯ ತೀರಿದೊಡನೆ ಹಕ್ಕೂ ತೀರುತ್ತದೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಸಲ್ಲದು. ಅಧಿಕಾರಿಗಳ ಮೊರೆಹೊಗಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಸಾವು, ತೀವ್ರಗಾಯ, ಬಲಾತ್ಕಾರ ಮೊದಲಾದ ಘೋರ ಅಪಾಯಗಳಲ್ಲಿ ಮಾತ್ರ ಎದುರಾಳಿಯ ಪ್ರಾಣವನ್ನು ತೆಗೆಯುವವರೆಗೆ ಅದು ಚಾಚುತ್ತದೆ. ಸೊತ್ತಿನ ರಕ್ಷಣೆಗಾಗಿ ಕೊಲ್ಲುವ ಹಕ್ಕು ಇನ್ನೂ ಕಿರಿದು: ಸುಲಿಗೆ, ರಾತ್ರಿಯ ಕನ್ನ, ಮನೆಗೆ ಬೆಂಕಿಯಿಡುವುದು, ಪ್ರಾಣಭಯವನ್ನು ಹುಟ್ಟಿಸುವ ಕಳವು ಅಥವಾ ಅತಿಕ್ರಮಣ, ಇಂಥವುಗಳಿಗೆ ಮೀಸಲು. ಹಾಗೆಂದು ಕಾನೂನು ಭಯಗ್ರಸ್ತನಿಂದ ಚಿನ್ನದಂಗಡಿಯ ತಕ್ಕಡಿಯನ್ನು ಬೇಡುವುದಿಲ್ಲ. ಆ ಗಳಿಗೆಯ ಗಾಬರಿಯನ್ನು ತೀರ ಸೂಕ್ಷ್ಮವಾಗಿ ತೂಗಬಾರದೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ೧೯೫೨ರಲ್ಲಿ ಅಮ್ಜದ್ ಖಾನನ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ೨೦೧೦ರಲ್ಲಿ ದರ್ಶನ್ ಸಿಂಗನ ಮೊಕದ್ದಮೆಯಲ್ಲಿ ಈ ವಿಷಯದ ಸೂತ್ರಗಳನ್ನು ಒಂದೆಡೆ ಕ್ರೋಡೀಕರಿಸಿತು.

ಇಂದಿನ ಕಾನೂನಿನಿಂದ ಹಿಂದಿನ ವೀರರನ್ನು ಕಟಕಟೆಗೆ ಏರಿಸುವುದು ವಿಮರ್ಶೆಯಲ್ಲ. ಆದರೆ ಈ ಅಳತೆಗೋಲನ್ನು ಪಕ್ಕದಲ್ಲಿರಿಸಿದಾಗ ಪಾಡ್ದನವು ತನ್ನ ಭಾರವನ್ನು ಎಲ್ಲಿ ಊರಿದೆಯೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಗದ್ದೆಯ ಪ್ರಸಂಗ. ಪಡುಮಲೆಯ ಪೆರುಮಾಳ ಬಲ್ಲಾಳನ ಪ್ರಾಣವನ್ನು ಉಳಿಸಿದ ದೇಯಿ ಬೈದೆತಿಯ ಮಕ್ಕಳಿಗೆ ದೊರೆತ ಗದ್ದೆಯ ನೆರೆಯಲ್ಲಿಯೇ ಮಂತ್ರಿ ಮಲ್ಲಯ್ಯ ಬುದ್ಧಿವಂತನ ಗದ್ದೆ. ಬಾಲ್ಯದ ಆಟದಲ್ಲಿ ಮೊಳೆತ ಹಗೆ ನೀರಿನ ಜಗಳದಲ್ಲಿ ತೆನೆಗಟ್ಟುತ್ತದೆ. ವಿವರಗಳು ಪಾಠದಿಂದ ಪಾಠಕ್ಕೆ ಬೇರೆಯಾಗುತ್ತವೆ. ಬುದ್ಧಿವಂತನು ಅಲ್ಲಿಯೇ ಮಡಿದು ಗದ್ದೆಯ ಮಣ್ಣಿನಲ್ಲಿ ಹೂತುಹೋಗುವುದು ಮಾತ್ರ ಸ್ಥಿರ. ನೀರನ್ನು ತಡೆಯುವುದು ಪ್ರಾಣವನ್ನು ತೆಗೆಯುವುದಕ್ಕೆ ಸಮವಲ್ಲ. ಶವವನ್ನು ಹೂಳುವುದಂತೂ ರಕ್ಷಣೆಯ ಕಾರ್ಯವಲ್ಲ, ರೋಷದ ಕಾರ್ಯ. ಹಾಗಾದರೆ ಕೇಳುವವರ ಹೃದಯ ವೀರರ ಕಡೆಗೆ ಏಕೆ ವಾಲುತ್ತದೆ? ಉತ್ತರವು ಬುದ್ಧಿವಂತನ ಪದವಿಯಲ್ಲಿದೆ. ಅಧಿಕಾರಿಗಳಲ್ಲಿ ದೂರು ಕೊಡಲು ಸಮಯವಿತ್ತೇ ಎಂದು ಕಾನೂನು ಕೇಳುತ್ತದೆ. ಇಲ್ಲಿ ಅತಿಕ್ರಮಿಸುವವನೇ ಅಧಿಕಾರಿ. ದೂರು ಅವನ ಹೊಸ್ತಿಲನ್ನು ದಾಟಿಯೇ ಅರಸನನ್ನು ಮುಟ್ಟಬೇಕು. ಸಮಯವಿತ್ತು, ಬಾಗಿಲಿರಲಿಲ್ಲ. ಅನಂತರ ಸೋದರರು ಬೀಡಿಗೆ ಹೋದಾಗಲೂ ಅಲ್ಲಿ ನ್ಯಾಯವಿಚಾರಣೆ ನಡೆಯುವುದಿಲ್ಲ. ತಾಯಿಗೆ ಮಾತು ಕೊಟ್ಟಿದ್ದ ಬಳುವಳಿಯ ವಾಗ್ವಾದ ನಡೆದು ಅವರು ಪಡುಮಲೆಯನ್ನು ತೊರೆಯುತ್ತಾರೆ. ನ್ಯಾಯಾಧೀಶನ ಪೀಠವು ಈ ಕಾವ್ಯದಲ್ಲಿ ಬರಿದಾಗಿದೆ. ಕವಿಯ ಆಪಾದನೆ ಆ ಬರಿದಾದ ಪೀಠದ ಮೇಲೆ ಎಂದು ನನ್ನ ಎಣಿಕೆ.

ಎರಡನೆಯದು ಸುಂಕದ ಕಟ್ಟೆಯ ಪ್ರಸಂಗ. ಕೈಯಲ್ಲಿದ್ದ ಸುರಿಯಕ್ಕೆ ಸುಂಕ ಕೇಳಿದ ದೇರೆ ಎಂಬವನು ಪ್ರಾಣವನ್ನು ಕಳೆದುಕೊಳ್ಳುತ್ತಾನೆ. ವೀರನಿಗೆ ಆಯುಧವು ಸರಕಲ್ಲ, ಮಾನ. ಅದಕ್ಕೆ ಬೆಲೆ ಕಟ್ಟುವುದು ಅಪಮಾನ. ಆ ಕಾಲದ ಮನೋಧರ್ಮವನ್ನು ಅರಿಯಲು ಇಷ್ಟು ಸಾಕು. ಆದರೆ ಅಪಮಾನವು ಪ್ರಾಣಭಯವಲ್ಲ. ಬುದ್ಧಿವಂತನಂತೆ ದೇರೆಯು ಬಾಗಿಲನ್ನು ಮುಚ್ಚಿದವನೂ ಅಲ್ಲ. ಒಡೆಯನ ಕಟ್ಟೆಯಲ್ಲಿ ಕುಳಿತ ಆಳು. ಗದ್ದೆಯಲ್ಲಿ ದೊರೆತ ಸಮಾಧಾನ ಇಲ್ಲಿ ದೊರೆಯುವುದಿಲ್ಲ. ವಿದ್ಯಾರ್ಥಿಗಳ ಮೌನಕ್ಕೆ ಇದೇ ಕಾರಣ. ಅವರು ಆಡಲಾರದೆ ಹೋದುದನ್ನು ಅವರ ಅಂತಃಸಾಕ್ಷಿ ಅರಿತಿದೆ. ಒಮ್ಮೆ ಹಿರಿದ ಸುರಿಯವು ಎರಡನೆಯ ಸಲ ಹಗುರವಾಗುತ್ತದೆ ಎಂಬ ಕಹಿಸತ್ಯವನ್ನು ಪಾಡ್ದನವು ಮುಚ್ಚಿಡಲಿಲ್ಲ. ಅದರ ಪ್ರಾಮಾಣಿಕತೆ ಇಲ್ಲಿದೆ.

ಮೂರನೆಯದು ಪಂಜದ ಪ್ರಸಂಗ. ಅಕ್ಕ ಕಿನ್ನಿದಾರುವಿನ ಮನೆಯಲ್ಲಿ ಆಶ್ರಯ ಪಡೆದವರನ್ನು ಚಂದುಗಿಡಿಯ ಕುತಂತ್ರ ಸೆರೆಗೆ ತಳ್ಳುತ್ತದೆ. ಮೂರರಲ್ಲಿ ಪ್ರಾಣಭಯವು ನಿಸ್ಸಂದೇಹವಾಗಿರುವುದು ಇಲ್ಲಿಯೇ. ಕಾನೂನಿನ ಅಳತೆಯಲ್ಲಿ ಹಕ್ಕು ಬಲವಾಗಿರುವುದೂ ಇಲ್ಲಿಯೇ. ಆದರೆ ಕಥೆಯ ಒತ್ತು ಬಿಡುಗಡೆಯ ಮೇಲಿದೆ. ಬೆರ್ಮೆರನ್ನು ನೆನೆದು, ಸೆರೆಯನ್ನು ಮುರಿದು, ಅವರು ಎಣ್ಮೂರಿನ ದಾರಿಯನ್ನು ಹಿಡಿಯುತ್ತಾರೆ. ಹಕ್ಕು ದುರ್ಬಲವಾಗಿದ್ದೆಡೆ ಸುರಿಯ ಮಾತಾಡಿತು. ಹಕ್ಕು ಪೂರ್ಣವಾಗಿದ್ದೆಡೆ ಕಾಲು ಮಾತಾಡಿತು. ಈ ವೈಪರೀತ್ಯವು ಗಾಯಕರಿಗೆ ಉದ್ದಿಷ್ಟವಾಗಿತ್ತೇ ಎಂದು ವಾದಿಸಬೇಕಾಗಿಲ್ಲ. ಕಥೆಯ ಕಟ್ಟಿನಲ್ಲಿ ಅದು ಇದೆ, ಅಷ್ಟು ಸಾಕು.

ಕಾರ್ಕಳದಲ್ಲಿ ನಿಂತು ಇದನ್ನು ಚಿಂತಿಸುವವನಿಗೆ ಬಂಡೆಯ ಮೇಲಿನ ಬಾಹುಬಲಿಯು ನೆನಪಾಗದಿರಲಾರ. ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಆ ಮೂರ್ತಿಯ ಹಿಂದೆ ಬೇರೊಂದು ಉತ್ತರವಿದೆ. ಪಂಪನ ಆದಿಪುರಾಣದಲ್ಲಿ ಸೈನ್ಯಗಳ ಸಂಹಾರವನ್ನು ತಪ್ಪಿಸಲು ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲಯುದ್ಧಗಳಿಗೆ ಒಪ್ಪುತ್ತಾರೆ. ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಬಿಡುತ್ತಾನೆ. ಅದು ಬಾಹುಬಲಿಗೆ ಕೇಡು ಮಾಡದೆ ನಿಲ್ಲುತ್ತದೆ. ಮರುಹೊಡೆತಕ್ಕೆ ಆಗ ಬಾಹುಬಲಿಗೆ ಕಾರಣವೂ ಇತ್ತು, ಬಲವೂ ಇತ್ತು; ಅವನು ರಾಜ್ಯವನ್ನೇ ಬಿಟ್ಟುಕೊಟ್ಟನು. ಹದಿನಾರನೆಯ ಶತಮಾನದ ರತ್ನಾಕರನು ಭರತೇಶವೈಭವದಲ್ಲಿ ಆ ದ್ವಂದ್ವವನ್ನೂ ತೆಗೆದುಹಾಕಿ ಭರತನ ಮಾತಿನಿಂದಲೇ ಗೆಲ್ಲಿಸಿದನು. ಆದರೆ ಬಿಡುವುದಕ್ಕೆ ಬಾಹುಬಲಿಗೆ ಒಂದು ರಾಜ್ಯವಿತ್ತು. ಕೋಟಿ ಚೆನ್ನಯರಿಗೆ ಇದ್ದದ್ದು ಒಂದು ಗದ್ದೆ. ಉಳ್ಳವನ ತ್ಯಾಗವನ್ನು ಇಲ್ಲದವನಿಂದ ಬೇಡುವುದು ನ್ಯಾಯವಲ್ಲ. ಗೃಹಸ್ಥನಿಗೆ ವಿರೋಧಿ ಹಿಂಸೆಯನ್ನು, ಎಂದರೆ ಮೇಲೆ ಬಿದ್ದವನನ್ನು ಎದುರಿಸುವಾಗ ಒದಗುವ ಹಿಂಸೆಯನ್ನು, ಜೈನಾಚಾರವೂ ಪೂರ್ತಿಯಾಗಿ ನಿಷೇಧಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ನ್ಯಾಯದ ಬಾಗಿಲು ಮುಚ್ಚಿದ ಜನರಿಗೆ ಆತ್ಮರಕ್ಷಣೆ ಬೇರೆ, ಪ್ರತೀಕಾರ ಬೇರೆ ಎಂದು ಪಾಠ ಹೇಳುವುದು ಬಲ್ಲಾಳರ ಪಕ್ಷವನ್ನು ವಹಿಸಿದಂತಾಗದೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಗೆರೆಯನ್ನು ಅಳಿಸಿದರೆ ಮೊದಲು ಸಾಯುವವನು ಬಲ್ಲಾಳನಲ್ಲ, ದೇರೆ. ಅಧಿಕಾರ ಕೆಟ್ಟಾಗ ಸಿಡಿದ ರೋಷವು ಕೈಗೆ ಸಿಕ್ಕ ಆಳಿನ ಮೇಲೆ ಬೀಳುತ್ತದೆ. ಗೆರೆಯನ್ನು ಉಳಿಸಿಕೊಳ್ಳಬೇಕಾದುದು ದುರ್ಬಲರ ಸಲುವಾಗಿಯೇ. ಬಾಗಿಲು ಮುಚ್ಚಿತ್ತೆಂಬುದು ಕೊಂದವನ ಅಪರಾಧವನ್ನು ಕಿರಿದುಮಾಡೀತು. ಮಡಿದವನ ಪ್ರಾಣವನ್ನು ಕಿರಿದುಮಾಡಲಾರದು.

ಪಾಡ್ದನದ ಕೊನೆಯೂ ಇದಕ್ಕೆ ಹೊಂದುತ್ತದೆ. ಎಣ್ಮೂರಿನ ಯುದ್ಧದಲ್ಲಿ ಕೋಟಿಯು ಬಾಣಕ್ಕೆ ಗುರಿಯಾಗುತ್ತಾನೆ; ಅಣ್ಣನಿಲ್ಲದ ಬಾಳನ್ನು ಒಲ್ಲದೆ ಚೆನ್ನಯನೂ ಪ್ರಾಣವನ್ನು ತೊರೆಯುತ್ತಾನೆ. ಆಯುಧವನ್ನು ಹಿಡಿದವರು ಅದರ ಬೆಲೆಯನ್ನು ತೆತ್ತ ಮೇಲೆಯೇ ದೈವತ್ವಕ್ಕೆ ಏರಿದರು. ಗರಡಿಯ ನೇಮದಲ್ಲಿ ಸುರಿಯವನ್ನು ಹಿಡಿದ ದರ್ಶನ ಪಾತ್ರಿಗಳು ಅದರ ಮೊನೆಯನ್ನು ಒತ್ತಿಕೊಳ್ಳುವುದು ತಮ್ಮ ಎದೆಗೇ. ಆರಾಧನೆಯ ಅರ್ಥವನ್ನು ವಿಮರ್ಶಕನು ನಿರ್ಣಯಿಸಲಾರ. ಆದರೆ ಎದೆಯತ್ತ ತಿರುಗಿದ ಆ ಮೊನೆಯನ್ನು ಕಂಡವನು ಪಾಡ್ದನವನ್ನು ಕೊಲೆಯ ಅಪ್ಪಣೆಚೀಟಿಯೆಂದು ಓದಲಾರನು. ಮುಂದೆ ಈ ಕಥೆಯನ್ನು ಕಲಿಸುವವರು ಬುದ್ಧಿವಂತನ ಅನ್ಯಾಯದ ಜೊತೆಗೆ ದೇರೆಯ ಹೆಸರನ್ನೂ ತರಗತಿಯಲ್ಲಿ ಉಚ್ಚರಿಸಲಿ ಎಂಬುದಷ್ಟೇ ನನ್ನ ಕೋರಿಕೆ.