ಬದನೆಯ ಕಾಯಿಕೊರಕ ಮತ್ತು ನಿರೋಧಕ ತಳಿಗಳು

ಬದನೆಯ ಕೀಟಗಳಲ್ಲಿ ಕುಡಿ ಮತ್ತು ಕಾಯಿಕೊರಕದ್ದೇ ದೊಡ್ಡ ಕಾಟ. ಮೊಟ್ಟೆಯೊಡೆದ ಮರಿಹುಳು ಬೇಗನೆ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರುತ್ತದೆ. ಆಮೇಲೆ ಸಿಂಪಡಿಸಿದ ಔಷಧಿ ಅದಕ್ಕೆ ಅಷ್ಟಾಗಿ ತಾಗದು. ಹೀಗಾಗಿ ಬೆಳೆಗಾರರು ಮೇಲಿಂದ ಮೇಲೆ ಔಷಧಿ ಹೊಡೆಯುತ್ತಾರೆ. ಗಿಡವೇ ಹುಳುವನ್ನು ತಡೆಯುವಂತಿದ್ದರೆ ಈ ಖರ್ಚೂ ವಿಷವೂ ತಗ್ಗುತ್ತವೆ.

ಅಮೆರಿಕದ ಕೀಟವಿಜ್ಞಾನಿ ರೆಜಿನಾಲ್ಡ್ ಪೇಂಟರ್ 1951ರ ಗ್ರಂಥದಲ್ಲಿ ಗಿಡದ ನಿರೋಧಕ ಗುಣವನ್ನು ಮೂರಾಗಿ ವಿಂಗಡಿಸಿದರು: ಕೀಟ ಗಿಡವನ್ನು ಒಲ್ಲದಿರುವುದು, ತಿಂದ ಕೀಟ ಸೊರಗುವುದು, ಹುಳು ಬಿದ್ದರೂ ಗಿಡ ತಾಳಿಕೊಂಡು ಇಳುವರಿ ಕೊಡುವುದು. ಬದನೆಯಲ್ಲಿ ಎಲೆಯ ರೋಮ, ಗಟ್ಟಿ ಸಿಪ್ಪೆ, ಕಾಂಡದ ಒತ್ತಾದ ನಾಳಗಳು ಹುಳುವಿಗೆ ಕೊಂಚ ತಡೆಯೊಡ್ಡುತ್ತವೆ. ಬಲವಾದ ನಿರೋಧಕತೆ ಇರುವುದು ಕಾಡುಬದನೆಗಳಲ್ಲಿ. ಆದರೆ ಅವುಗಳೊಡನೆ ಸಂಕರ ಮಾಡಿದಾಗ ಹಲವು ವೇಳೆ ಕಾಳು ಕಟ್ಟುವುದಿಲ್ಲ. ಕಟ್ಟಿದರೂ ಸಸಿ ಬಂಜೆಯಾಗಬಹುದು, ಕಾಯಿಗೆ ಕಹಿ ಬರಬಹುದು. ಸಾಂಪ್ರದಾಯಿಕ ವಿಧಾನ ಬೆಳೆಗಾರರ ಕೈಗಿತ್ತದ್ದು ಅರೆನಿರೋಧಕತೆಯನ್ನು ಮಾತ್ರ.

ಬಿಟಿ ಬದನೆ ಈ ಕೊರತೆಯನ್ನು ನೀಗಿಸಲು ಹೊರಟಿತು. ಬಿಟಿ ಎಂಬ ಬ್ಯಾಕ್ಟೀರಿಯಾದಿಂದ ಪಡೆದ ಕ್ರೈ1ಎಸಿ ಜೀನನ್ನು ಮಹಿಕೋ ಕಂಪನಿ ಬದನೆಗೆ ಸೇರಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ಉಡುಪಿ ಗುಳ್ಳ, ಮಲಾಪುರ ಲೋಕಲ್‌ನಂಥ ನಾಟಿ ತಳಿಗಳಿಗೆ ತಂದಿತು. 2009ರ ಅಕ್ಟೋಬರಿನಲ್ಲಿ ತಜ್ಞ ಸಮಿತಿ ಒಪ್ಪಿದರೂ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ನಾಲ್ಕು ಬಿಟಿ ತಳಿಗಳಿಗೆ ಅನುಮತಿ ನೀಡಿತು. ಅಲ್ಲಿ ಕಾಯಿ ಹಾನಿಯೂ ಕೀಟನಾಶಕದ ಬಳಕೆಯೂ ಇಳಿದವು.

ಈ ಸಾಧನೆ ದೊಡ್ಡದೇ. ಅದರ ಬುಡ ಮಾತ್ರ ಕಿರಿದು. ಜಿಗಿಹುಳು, ಬಿಳಿನೊಣಗಳಿಗೆ ಈ ಜೀನಿನಿಂದ ಬಾಧೆಯಿಲ್ಲ. ಕೊರಕವನ್ನು ತಡೆಯಲೂ ಇರುವುದು ಆ ಜೀನು ತಯಾರಿಸುವ ಒಂದೇ ಪ್ರೋಟೀನು. ಅದೇ ಪ್ರೋಟೀನನ್ನು ಭಾರತದ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಆಗಲೇ ಗೆದ್ದಿದೆ. ಕುಲಾಂತರಿಯಲ್ಲದ ತಳಿಗಳೂ ಇದಕ್ಕೆ ಹೊರತಲ್ಲ: ಯುರೋಪಿನ ಲೆಟ್ಯೂಸಿಗೆ ಕಾಡುಜಾತಿಯಿಂದ ತಂದ ಒಂದು ಜೀನು ಗಿಡಹೇನನ್ನು ತಡೆದಿತ್ತು, 2007ರಲ್ಲಿ ಅದನ್ನೂ ಮೀರಿದ ಹೇನು ಕಾಣಿಸಿಕೊಂಡಿತು. ದೋಷವಿರುವುದು ಒಂದೇ ಜೀನನ್ನು ನಂಬುವುದರಲ್ಲಿ, ಅದು ಬಂದ ದಾರಿಯಲ್ಲಲ್ಲ.

ಆದ್ದರಿಂದ ತಳಿಯ ಬೆಲೆಯನ್ನು ಮೊದಲ ವರ್ಷದ ಫಲದಿಂದಷ್ಟೇ ಅಳೆಯಲಾಗದು. ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಬಾಡಿದ ಕುಡಿ ಚಿವುಟಿ ನಾಶಮಾಡುವುದು, ಮೋಹಕ ಬಲೆ, ಬೆಳೆ ಬದಲಾವಣೆ ಜೊತೆಗಿದ್ದರೆ ಅರೆನಿರೋಧಕ ತಳಿಯೂ ಉಪಯುಕ್ತ. ಇವಿಲ್ಲದಿದ್ದರೆ ಪೂರ್ಣ ನಿರೋಧಕ ತಳಿಯೂ ಬಹುಕಾಲ ಬಾಳದು.